ಎಡಗಡೆಯ ಪಟ್ಟಿ

ಆ ಗಾಡಿಯ ಹೊಟ್ಟೆಯ ಕೆಳಗೆ ಎರಡು ಪಟ್ಟಿಗಳಿದ್ದವು. ಒಂದು ಅಲ್ಯುಮಿನಿಯಮ್ಮಿನದು, ಇನ್ನೊಂದು ಉಕ್ಕಿನದು. ಎರಡೂ ಗೇಣಿನಷ್ಟು ಕೆಳಕ್ಕೆ ಇಳಿಬಿದ್ದು, ಗಾಡಿಯ ಮೂತಿಯಿಂದ ಬಾಲದವರೆಗೆ ಜೋಡಿಯಾಗಿ ಹೋಗುತ್ತಿದ್ದವು. ಉಕ್ಕಿನ ಪಟ್ಟಿ ದಿನವೂ ಉಜ್ಜಿಸಿಕೊಂಡು ಬೆಳ್ಳಗಾಗಿತ್ತು. ನೆರಳಿನಲ್ಲಿ ನೋಡಿದರೆ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ; ಬೆರಳಿನಿಂದ ಬಡಿದು ಸದ್ದು ಕೇಳಬೇಕಿತ್ತು. ಅಲ್ಯುಮಿನಿಯಮ್ಮಿಗೆ ಎಣ್ಣೆ ತಾಗಿದರೆ ಏನೂ ಆಗುವುದಿಲ್ಲ. ಉಕ್ಕಿಗೆ ತಾಗಿದರೆ ಗಾಡಿ ನಿಲ್ಲುವುದಿಲ್ಲ. ಇದನ್ನು ನಾನು ಕೆಲಸಗಾರರಿಗೆ ಹೇಳಿದ್ದೆ. ಯಾವ ಮಾತಿನಲ್ಲಿ ಹೇಳಿದ್ದೆ ಎಂಬುದು ಮಾತ್ರ ನನಗೆ ಈಗಲೂ ಖಚಿತವಿಲ್ಲ.

ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವ ರಸ್ತೆಯ ಬದಿಗೆ, ಮುಚ್ಚಿಹೋದ ಹತ್ತಿ ಜಿನ್ನಿನ ಜಾಗದಲ್ಲಿ, ಅದರ ಮಾಲೀಕರು ಒಂದು ಮನರಂಜನಾ ಪಾರ್ಕು ಮಾಡಿದ್ದರು. ನೀರಿನ ಜಾರುಬಂಡೆ, ತೊಟ್ಟಿಲು, ಮಕ್ಕಳ ಕಾರು ಎಲ್ಲ ಆದ ಮೇಲೆ ಬೇರೆ ರಾಜ್ಯದ ಯಾವುದೋ ಪಾರ್ಕಿನಿಂದ ಹಳೆಯ ರೋಲರ್ ಕೋಸ್ಟರ್ ಒಂದನ್ನು, ಹಳಿ ಗಾಡಿ ಸಮೇತ, ಬಿಚ್ಚಿಸಿ ಲಾರಿಗಳಲ್ಲಿ ತರಿಸಿದರು. ಮರವಿಲ್ಲದ ಆ ಎರೆ ಬಯಲಿನಲ್ಲಿ ಅದರ ಹಳದಿ ಕಂಬಿಗಳು ಎಷ್ಟೋ ದೂರದಿಂದ ಕಾಣುತ್ತಿದ್ದವು. ಅದನ್ನು ಮತ್ತೆ ಜೋಡಿಸಿ, ಬ್ರೇಕು ಸುಧಾರಿಸಿ, ಓಡಿಸಲು ಕಲಿಸಿ ಹೋಗುವುದು ನನ್ನ ಕೆಲಸ.

ನನ್ನ ಜೊತೆಗೆ ಕೊಟ್ಟವರು ಇಬ್ಬರು. ಒಬ್ಬ ಮಿಸ್ತ್ರಿ, ಶಲವಡಿಯವನು, ಐವತ್ತು ದಾಟಿದವನು, ಅರ್ಧ ಆಯುಷ್ಯ ಕಾಳು ರಾಶಿ ಮಾಡುವ ಯಂತ್ರಗಳ ಕೆಳಗೆ ಮಲಗಿ ಕಳೆದವನು. ಇನ್ನೊಬ್ಬಳು ಗುಂಡಿ ಒತ್ತುವ ಆಪರೇಟರ್. ಗುಡಗೇರಿಯಿಂದ ಬಂದು ಅಣ್ಣಿಗೇರಿಯಲ್ಲಿ ಅಕ್ಕನ ಮನೆಯಲ್ಲಿದ್ದ ಹುಡುಗಿ, ಐಟಿಐ ಮುಗಿಸಿದ್ದಳು. ಮಿಸ್ತ್ರಿ ನನ್ನನ್ನು "ಸಾಹೇಬ್ರ" ಎನ್ನುತ್ತಿದ್ದ, ಅವಳು "ಸರ್" ಎನ್ನುತ್ತಿದ್ದಳು. ಮಿಸ್ತ್ರಿಯನ್ನು ನಾವಿಬ್ಬರೂ ಕಾಕಾ ಎಂದೇ ಕರೆಯುತ್ತಿದ್ದೆವು.

ಹಳೆಯ ಗಾಡಿಗೆ ಇದ್ದದ್ದು ಒಂದೇ ಬಗೆಯ ಬ್ರೇಕು. ಹಳಿಯ ಮೇಲೆ ನಿಲ್ಲಿಸಿದ ಎರಡು ದವಡೆಗಳು ಗಾಳಿಯ ಒತ್ತಡದಿಂದ ಮುಚ್ಚಿ, ಹಾದುಹೋಗುವ ಉಕ್ಕಿನ ಪಟ್ಟಿಯನ್ನು ಕಚ್ಚುತ್ತವೆ. ಸೈಕಲ್ಲಿನ ಬ್ರೇಕು ಗಾಲಿಯ ಬಳೆಯನ್ನು ಹಿಡಿಯುವ ಹಾಗೆಯೇ. ಇದರ ತೊಂದರೆಯೆಂದರೆ ಗಾಡಿ ಪೂರ್ತಿ ವೇಗದಲ್ಲಿ ಬಂದಾಗ ಕಚ್ಚಿದರೆ ದವಡೆಯ ಪ್ಯಾಡು ಬೇಗ ಸವೆಯುತ್ತದೆ, ಕೂತವರ ಕುತ್ತಿಗೆ ಜಗ್ಗುತ್ತದೆ, ಮಳೆ ಬಂದರೆ ಹಿಡಿತ ಸಡಿಲುತ್ತದೆ. ಅದಕ್ಕಾಗಿ ನಿಲ್ದಾಣಕ್ಕೆ ಮುಂಚಿನ ನೇರ ಹಳಿಯಲ್ಲಿ, ಎರಡು ಸಾಲು ಶಾಶ್ವತ ಅಯಸ್ಕಾಂತಗಳನ್ನು ಎದುರುಬದುರು ಕೂರಿಸಿ, ಅವುಗಳ ನಡುವಿನ ಸಂದಿಯಲ್ಲಿ ಹಾಯುವಂತೆ ಗಾಡಿಗೆ ಅಲ್ಯುಮಿನಿಯಂ ಪಟ್ಟಿಯನ್ನು ಹೊಸದಾಗಿ ಹಾಕಿದೆವು. ಅಲ್ಲಿ ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ಪಟ್ಟಿ ವೇಗವಾಗಿ ಹಾದಾಗ ಅದರೊಳಗೆ ವಿದ್ಯುತ್ತಿನ ಸುಳಿಗಳು ಹುಟ್ಟುತ್ತವೆ. ಆ ಸುಳಿಗಳು ತಮ್ಮನ್ನು ಹುಟ್ಟಿಸಿದ ಓಟಕ್ಕೇ ಅಡ್ಡ ನಿಲ್ಲುತ್ತವೆ. ಗಾಡಿಯ ವೇಗವೆಲ್ಲ ಪಟ್ಟಿಯಲ್ಲಿ ಬಿಸಿಯಾಗಿ ಹೋಗುತ್ತದೆ.

ಆ ಅಯಸ್ಕಾಂತಗಳನ್ನು ಕೂರಿಸಲು ನಾವು ಪಟ್ಟ ಪಾಡು ಬೇರೆಯೇ. ಉಕ್ಕಿನ ಸಾಮಾನು ಹತ್ತಿರ ತರಬೇಡಿ ಎಂದು ಹೇಳಿದ್ದರೂ ಮೊದಲ ದಿನವೇ ಮಿಸ್ತ್ರಿಯ ಕೈಯಲ್ಲಿದ್ದ, ನಟ್ಟು ತಿರುಗಿಸುವ ದೊಡ್ಡ ಪಾನಾ ಚಿಮ್ಮಿ ಹೋಗಿ ಅಯಸ್ಕಾಂತಕ್ಕೆ ಅಂಟಿಕೊಂಡಿತು. ಬೆರಳು ನಡುವೆ ಸಿಗಲಿಲ್ಲವೆಂಬುದೇ ಪುಣ್ಯ. ಕಟ್ಟಿಗೆಯ ಬೆಣೆ ಹೊಡೆದು ಅದನ್ನು ಬಿಡಿಸುವಾಗ ಅವನು ಪಾನಾಕ್ಕೇ ಬೈಯುತ್ತಿದ್ದ: "ಹದಿನೆಂಟು ವರ್ಷ ನನ್ನ ಸಂಗತಿ ಬಾಳೇ ಮಾಡಿ, ಇವತ್ತ ಬ್ಯಾರೇದವರ ಮನಿ ಹೊಕ್ಕೀಯೇನ್ಬೇ?"

ಪರೀಕ್ಷೆಗೆ ಉಸುಕಿನ ಚೀಲಗಳನ್ನು ಸೀಟುಗಳಿಗೆ ಬಿಗಿದು ಗಾಡಿ ಬಿಟ್ಟೆವು. ಅಯಸ್ಕಾಂತದ ಭಾಗಕ್ಕೆ ಬಂದದ್ದೇ ಸದ್ದಿಲ್ಲದೆ ಅದರ ಓಟ ಕರಗಿತು. ಆದರೆ ನಿಲ್ಲಲಿಲ್ಲ. ನಡೆಯುವ ಮನುಷ್ಯನ ವೇಗದಲ್ಲಿ ಮುಂದೆ ಸರಿದು ನಿಲ್ದಾಣಕ್ಕೆ ಬಂತು. ಅಲ್ಲಿ ದವಡೆ ಕಚ್ಚಿತು. ಆಗ ನಿಂತಿತು.

"ಇಷ್ಟು ದುಬಾರಿ ಬ್ರೇಕು ಪೂರಾ ಯಾಕ್ರಿ ನಿಲ್ಲಿಸವಲ್ದು?" ಎಂದು ಆಪರೇಟರ್ ಕೇಳಿದಳು.

ವೇಗ ಇದ್ದಷ್ಟೇ ಅದರ ಹಿಡಿತ, ವೇಗ ತಗ್ಗಿದಂತೆ ಹಿಡಿತವೂ ತಗ್ಗುತ್ತದೆ, ಆದ್ದರಿಂದ ಅದು ಎಂದೂ ಪೂರ್ತಿ ನಿಲ್ಲಿಸಲಾರದು ಎಂದು ನಾನು ಹಲಗೆಯ ಮೇಲೆ ಗೆರೆ ಎಳೆದು ವಿವರಿಸಿದೆ. ಅವಳ ಕಣ್ಣು ಗೆರೆಯ ಮೇಲಿತ್ತು, ಮನಸ್ಸಿರಲಿಲ್ಲ. ಮಿಸ್ತ್ರಿ ಬೀಡಿ ಕಿವಿಗೆ ಸಿಗಿಸಿಕೊಂಡು ಹೇಳಿದ: "ಯವ್ವಾ, ಕೆರಿಯಾಗ ಎಮ್ಮಿ ನೋಡೀಯಿಲ್ಲೋ? ಓಡಾಕ ಹೋದ್ರ ನೀರು ಬಿಡೂದಿಲ್ಲ. ಸಾವಕಾಶ ನಡದ್ರ ನೀರೇನೂ ಅನ್ನೂದಿಲ್ಲ. ನೀರು ಎಮ್ಮೀನ್ನ ಕಟ್ಟಿ ಹಾಕತೈತೇನು? ಕಟ್ಟಾಕ ಗೂಟಾನ ಬೇಕು." ನನ್ನ ಗೆರೆಯನ್ನು ನಾನೇ ಒರೆಸಿದೆ.

ಎಡವಟ್ಟಾದದ್ದು ಇದೇ ಪಾಠದ ಮುಂದುವರಿದ ಭಾಗದಲ್ಲಿ. ಗಾಡಿಯನ್ನು ನಿಲ್ದಾಣದಲ್ಲಿ ನಿಲ್ಲಿಸಿ, ಹಳಿಯ ಕೆಳಗೆ ತೋಡಿದ ಗುಂಡಿಯಿಂದ ಅವರಿಗೆ ಎರಡೂ ಪಟ್ಟಿಗಳನ್ನು ತೋರಿಸುತ್ತಿದ್ದೆ. ಮಳೆ ಬಂದರೆ ಹೇಗೆ ಎಂದು ಅವಳು ಕೇಳಿದಳು. ನನಗೆ ಹುರುಪು ಬಂತು. ತಾಮ್ರದ ಕೊಳವೆಯೊಳಗೆ ಸಣ್ಣ ಅಯಸ್ಕಾಂತವನ್ನು ಬಿಟ್ಟು, ಅದು ಬೀಳದೆ ತೇಲಿದಂತೆ ಮೆಲ್ಲಗೆ ಇಳಿಯುವುದನ್ನು ತೋರಿಸಿದೆ. ಆಮೇಲೆ ಕೊಳವೆಯ ಒಳಗೆ ಎಣ್ಣೆ ಸವರಿ ಮತ್ತೆ ಬಿಟ್ಟೆ. ಹಾಗೆಯೇ ಮೆಲ್ಲಗೆ ಇಳಿಯಿತು. "ಮಳೆ ಬಿಡಿ, ಎಣ್ಣೆ ಹಚ್ಚಿದರೂ ಇದು ಬಿಡುವುದಿಲ್ಲ" ಎಂದೆ. ಆಮೇಲೆ ಗಾಡಿಯ ಪಟ್ಟಿಯ ಕಡೆ ಕೈ ಮಾಡಿ ಇನ್ನೊಂದು ಮಾತು ಹೇಳಿದೆ. ಆ ಮಾತೇ ಮುಂದೆ ಪ್ರಶ್ನೆಯಾಯಿತು.

ನವರಾತ್ರಿ ಬಂತು. ನಮ್ಮ ಕಡೆ ಆಯುಧ ಪೂಜೆಗೆ ಖಂಡೇಪೂಜೆ ಎನ್ನುತ್ತಾರೆ. ಆ ದಿನ ಪಾರ್ಕಿಗೆ ರಜೆ. ಸಾಮಾನೆಲ್ಲ ತೊಳೆದು, ಎಣ್ಣೆ ಸವರಿ, ಕುಂಕುಮ ಹಚ್ಚಿ ಪೂಜೆ ಮಾಡಬೇಕು, ಬಂದು ಕಾಯಿ ಒಡೆಯಿರಿ ಎಂದು ಮಿಸ್ತ್ರಿ ಕರೆದ. ನನಗೆ ಅಂಥದ್ದರಲ್ಲಿ ನಂಬಿಕೆಯಿಲ್ಲವೆಂದು ಅವನಿಗೆ ಗೊತ್ತಿತ್ತು; ಆದರೂ ಕರೆದ. ನೀವೇ ಮಾಡಿ ಎಂದು ಹೇಳಿ ಹುಬ್ಬಳ್ಳಿಗೆ ಹೋದೆ. ಹೋಗುವಾಗ ಎಣ್ಣೆಯ ಬಗ್ಗೆ ಏನಾದರೂ ಎಚ್ಚರಿಸಿದೆನೇ? ಎಚ್ಚರಿಸಿದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಈಗ ಅದನ್ನು ಪ್ರಮಾಣ ಮಾಡಿ ಹೇಳಲಾರೆ.

ಮರುದಿನ ವಿಜಯದಶಮಿ. ಬೆಳಿಗ್ಗೆ ಏಳಕ್ಕೇ ಗೇಟಿನ ಹೊರಗೆ ಟಂಟಂ ರಿಕ್ಷಾಗಳು ನಿಂತಿದ್ದವು, ಹೊಸ ಬಟ್ಟೆಯ ಮಕ್ಕಳು ಕಂಬಿಗಳನ್ನು ನೋಡುತ್ತ ಕುಣಿಯುತ್ತಿದ್ದರು. ದಿನವೂ ಮೊದಲು ಖಾಲಿ ಗಾಡಿ ಒಂದು ಸುತ್ತು ಹೋಗಿಬರಬೇಕು, ಅದು ನಿಯಮ. ಚೆಂಡುಹೂವಿನ ಮಾಲೆ ಹಾಕಿಕೊಂಡೇ ಗಾಡಿ ಸರಪಳಿ ಹಿಡಿದು ಏರಿತು, ಇಳಿಯಿತು, ತಿರುಗಿತು. ಅಯಸ್ಕಾಂತದಲ್ಲಿ ಎಂದಿನಂತೆ ಅದರ ಓಟ ಕರಗಿತು. ನಿಲ್ದಾಣಕ್ಕೆ ಬಂತು. ದವಡೆಗಳು ಫುಸ್ ಎಂದು ಮುಚ್ಚಿದವು.

ಗಾಡಿ ನಿಲ್ಲಲಿಲ್ಲ. ಅವಸರವಿಲ್ಲದೆ, ಯಾರೋ ಬೀಗರ ಮನೆಗೆ ಹೋಗುವ ಹಾಗೆ, ನಮ್ಮ ಮುಂದೆಯೇ ಜಾರಿ ಹೋಗಿ, ಮುಂದಿನ ಏರಿಗೆ ಮೂತಿ ಇಟ್ಟಿತು. ಹಿಂದಕ್ಕೆ ಜಾರದಂತೆ ತಡೆಯುವ ಹಲ್ಲು ಟಕ್ ಟಕ್ ಎಂದು ಎರಡು ಸಲ ಸದ್ದು ಮಾಡಿ ಅದನ್ನು ಹಿಡಿದುಕೊಂಡಿತು. ಆಪರೇಟರ್ ಕೈ ಇನ್ನೂ ಕೆಂಪು ಗುಂಡಿಯ ಮೇಲೇ ಇತ್ತು.

"ಸರ್, ನಾ ಒತ್ತೇನ್ರಿ. ಖರೇನ ಒತ್ತೇನ್ರಿ" ಎಂದಳು.

ಖಾಲಿ ಗಾಡಿ. ಯಾರಿಗೂ ಏನೂ ಆಗಲಿಲ್ಲ. ಆದರೆ ತುಂಬಿದ ಗಾಡಿಯಾಗಿದ್ದು, ಕೂತವರು ನಿಂತಿತೆಂದು ತಿಳಿದು ಕಾಲು ಹೊರಗಿಟ್ಟಿದ್ದರೆ?

ನಾನು ಗಾಳಿಯ ಒತ್ತಡ ನೋಡಿದೆ, ಸರಿಯಿತ್ತು. ಮಾಪಕವೇ ಸುಳ್ಳು ಹೇಳುತ್ತಿರಬಹುದೆಂದು ಬೇರೆ ಮಾಪಕ ಹಾಕಿದೆ. ಅದೂ ಅದನ್ನೇ ಹೇಳಿತು. ನಳಿಗೆಗಳಿಗೆ ಸಾಬೂನಿನ ನೊರೆ ಹಚ್ಚಿ ಸೋರಿಕೆ ಹುಡುಕಿದೆ. ಪ್ಯಾಡಿನ ದಪ್ಪ ಅಳೆದೆ. ಹೀಗೆ ಒಂದು ತಾಸು ಹೋಯಿತು. ಓದಿದ ಮನುಷ್ಯನ ದಡ್ಡತನಕ್ಕೂ ಒಂದು ಕ್ರಮವಿರುತ್ತದೆ. ಆಪರೇಟರ್ ದವಡೆಯ ಹತ್ತಿರ ಬಗ್ಗಿ ಮೂಗು ಅರಳಿಸಿದಳು.

"ಸರ್, ಇಲ್ಲೆ ಒಗ್ಗರಣಿ ವಾಸನಿ ಬರಾಕತ್ತೈತ್ರಿ."

ಕುಸುಬಿ ಎಣ್ಣೆ. ಉಕ್ಕಿನ ಪಟ್ಟಿಯ ಮೇಲೆ, ಮೂತಿಯಿಂದ ಬಾಲದವರೆಗೆ, ಮದುಮಗನಿಗೆ ಹಚ್ಚಿದಷ್ಟು ಪ್ರೀತಿಯಿಂದ ಹಚ್ಚಿದ್ದರು. ಅದನ್ನು ಕಚ್ಚಿ ಉಜ್ಜಿದ ಪ್ಯಾಡುಗಳು ಬಿಸಿಯಾಗಿ ಎಣ್ಣೆ ಕುಡಿದಿದ್ದವು.

ಅಷ್ಟರಲ್ಲಿ ಮಾಲೀಕರು ಬಂದರು. ಇವತ್ತು ಗಾಡಿ ಓಡುವುದಿಲ್ಲ ಎಂದೆ. ಹಬ್ಬದ ದಿನ ಅದೊಂದು ಮಾತಿಗೇ ಅವರ ಮುಖ ಕೆಂಪಾಯಿತು. ಯಾಕೆ ಎಂದು ತಿಳಿದ ಮೇಲೆ ಮಿಸ್ತ್ರಿಯ ಕಡೆ ತಿರುಗಿದರು.

"ಲೇ ಮಿಸ್ತ್ರಿ, ಬ್ರೇಕಿಗೆ ಎಣ್ಣಿ ಹಚ್ಚತಾರೇನಲೇ? ನಿನಗ ಮಶಿನ್ ತಿಳಿತೈತಿ ಅಂತ ಇಟ್ಟೀನಿ ನಾ!"

"ಸಾಹೇಬ್ರ ಹೇಳಿದ್ರಿ" ಎಂದ ಮಿಸ್ತ್ರಿ, ನೆಲ ನೋಡುತ್ತ. "ಎಡಗಡೆ ಪಟ್ಟಿಗೆ ಎಣ್ಣಿ ಹಚ್ಚಿದ್ರೂ ನಡೀತೈತಿ ಅಂದ್ರು. ಬಲಗಡೀದು ಮುಟ್ಟಬ್ಯಾಡ ಅಂದ್ರು. ಮುಟ್ಟಿಲ್ರಿ."

ಎಲ್ಲರೂ ನನ್ನನ್ನು ನೋಡಿದರು. ನಾನು ಹಾಗೆ ಹೇಳಲೇ ಇಲ್ಲ ಎಂದೆ. ಗಾಡಿಯ ಎಡ ಬಲ ಯಾವಾಗಲೂ ಅದು ಓಡುವ ದಿಕ್ಕಿನಿಂದ ಲೆಕ್ಕ. ಆ ಲೆಕ್ಕದಲ್ಲಿ ಎಡಗಡೆಯದು ಉಕ್ಕು, ಬಲಗಡೆಯದು ಅಲ್ಯುಮಿನಿಯಂ. ಇದನ್ನು ನಿದ್ದೆಯಲ್ಲಿ ಕೇಳಿದರೂ ಹೇಳಿಯೇನು. ಎಡಗಡೆಗೆ ಎಣ್ಣೆ ಹಚ್ಚಬಹುದು ಎಂದು ನನ್ನ ಬಾಯಿಂದ ಬರಲು ಸಾಧ್ಯವೇ ಇಲ್ಲ.

"ಕೇಳಿದೇನು?" ಎಂದರು ಮಾಲೀಕರು ಮಿಸ್ತ್ರಿಗೆ. "ನಾಳಿಯಿಂದ ಬರಬ್ಯಾಡ. ಮಂದಿ ಜೀಂವದ ಜೋಡಿ ಆಟ ಆಡವರು ನನಗ ಬ್ಯಾಡ."

ಮಿಸ್ತ್ರಿ ವಾದಿಸಲಿಲ್ಲ. ಹೆಗಲ ಮೇಲಿನ ಅರಿವೆಯಿಂದ ಕೈ ಒರೆಸಿಕೊಂಡು ತನ್ನ ಪಾನಾಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. ಆ ವಯಸ್ಸಿಗೆ, ಬ್ರೇಕಿಗೆ ಎಣ್ಣೆ ಹಚ್ಚಿದವನೆಂಬ ಹೆಸರು ಹೊತ್ತು ಹೋದರೆ, ಶಲವಡಿಯಿಂದ ಅಳ್ನಾವರದವರೆಗೆ ಯಾರೂ ಅವನ ಕೈಗೆ ಯಂತ್ರ ಕೊಡುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಪರೇಟರ್ ಮೆಲ್ಲಗೆ ಕೇಳಿದಳು: "ಸರ್, ಅವತ್ತ ನೀವು ಎಲ್ಲೆ ನಿಂತಿದ್ರಿ?"

"ಗುಂಡಿಯಲ್ಲಿ."

"ಗುಂಡ್ಯಾಗ ಖರೆ. ಗಾಡೀ ಹಿಂದೋ ಮುಂದೋ?"

ಹಿಂದೆ, ಎನ್ನಲು ಬಾಯಿ ತೆರೆದೆ. ಆದರೆ ಗುಂಡಿಗೆ ಇಳಿಯುವ ಮೆಟ್ಟಿಲು ಇರುವುದು ಮುಂದುಗಡೆ. ಅವರಿಬ್ಬರೂ ಅತ್ತ ಬಾಲದ ಕಡೆ ಕುಕ್ಕರುಗಾಲಲ್ಲಿ ಕೂತಿದ್ದರು. ನಾನು ಮೂತಿಯ ಕಡೆ, ಮೇಷ್ಟ್ರ ಹಾಗೆ ಅವರಿಗೆ ಎದುರಾಗಿ. ಅಲ್ಲಿಂದ ನೋಡಿದರೆ ನನ್ನ ಎಡಗೈಗೆ ಬರುವುದು ಅಲ್ಯುಮಿನಿಯಂ ಪಟ್ಟಿ.

"ಎತ್ತಿನ ಮುಂದ ನಿಂತು ಯಾರರೆ ಎಡಗೋಲು ಬಲಗೋಲು ಹೇಳತಾರೇನ್ರಿ?" ಎಂದ ಮಿಸ್ತ್ರಿ, ಚೀಲದಿಂದ ತಲೆ ಎತ್ತದೆ. ನೊಗದ ಎಡಕ್ಕೆ ಕಟ್ಟುವ ಎತ್ತು ಎಡಗೋಲು. ಬಲಕ್ಕೆ ಕಟ್ಟುವುದು ಬಲಗೋಲು. ಗಳೆ ಹೊಡೆದು ಉಳುವವನು ಹಿಂದೆ ನಿಂತು ನೋಡುವ ಲೆಕ್ಕ ಅದು. ಅಂದರೆ ಎಂಜಿನಿಯರನ ಲೆಕ್ಕವೂ ಒಕ್ಕಲಿಗನ ಲೆಕ್ಕವೂ ಒಂದೇ ಆಗಿತ್ತು. ಅದನ್ನು ಬಿಟ್ಟವನು ಯಾರಾದರೂ ಇದ್ದರೆ ನಾನೇ.

ಆದರೆ ಬಿಟ್ಟೆನೇ? ಕಣ್ಣು ಮುಚ್ಚಿ ಆ ದಿನವನ್ನು ನೆನೆದೆ. ನಾನು ನಿಂತಿದ್ದೇನೆ, ಎಡಗೈ ಎತ್ತಿದ್ದೇನೆ, ಬಾಯಿ ಅಲುಗುತ್ತಿದೆ. ಚಿತ್ರ ಸ್ಪಷ್ಟವಾಗಿತ್ತು. ಸ್ಪಷ್ಟವಾಗಿದ್ದದ್ದೇ ಅನುಮಾನಕ್ಕೆ ಕಾರಣ, ಏಕೆಂದರೆ ಅದರಲ್ಲಿ ನಾನು ನನ್ನನ್ನೇ ಹೊರಗಿನಿಂದ ನೋಡುತ್ತಿದ್ದೆ. ಅದು ಕಂಡದ್ದಲ್ಲ, ಈಗಷ್ಟೇ ಕಟ್ಟಿದ್ದು. ಒಂದು ಅಳತೆ ಸಂಶಯವಾದರೆ ಮತ್ತೆ ಅಳೆಯಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ನೆನಪನ್ನು ಮತ್ತೆ ಅಳೆಯಲು ಹೋದರೆ ಅಳೆಯುವ ಕೋಲೇ ಬದಲಾಗಿರುತ್ತದೆ. ಪುರಾವೆಯಿಲ್ಲದೆ ಏನನ್ನೂ ಒಪ್ಪುವುದಿಲ್ಲವೆಂದು ಬೀಗುತ್ತಿದ್ದ ನಾನು, ಐದು ನಿಮಿಷದ ಹಿಂದೆ ಒಂದು ಪುರಾವೆಯೂ ಇಲ್ಲದೆ "ನಾನು ಹೇಳಲೇ ಇಲ್ಲ" ಎಂದಿದ್ದೆ.

ಮಾಲೀಕರ ಹತ್ತಿರ ಹೋಗಿ ಹೇಳಿದೆ: "ತಪ್ಪು ನನ್ನದು. ಎಡಗಡೆ ಅಂತ ನಾನೇ ಹೇಳಿರಬೇಕು. ಮಿಸ್ತ್ರಿ ನಾನು ಹೇಳಿದ್ದನ್ನೇ ಮಾಡಿದ್ದಾರೆ. ವರದಿಯಲ್ಲಿ ಹಾಗೆಯೇ ಬರೆಯುತ್ತೇನೆ."

"ಹೇಳಿರಬೇಕು ಅಂದ್ರ? ಹೇಳೀರೋ ಇಲ್ಲೋ?"

"ನೆನಪಿಲ್ಲ. ಆದರೆ ಜನರ ಜೀವ ನನ್ನ ನೆನಪಿನ ಮೇಲೆ ನಿಲ್ಲುವ ಹಾಗೆ ಕೆಲಸ ಕಲಿಸಿದ್ದು ನಾನೇ. ಅವರನ್ನು ಕಳಿಸುವುದಾದರೆ ನನ್ನನ್ನು ಮೊದಲು ಕಳಿಸಿ."

ಅವರು ನನ್ನನ್ನು, ಮಿಸ್ತ್ರಿಯನ್ನು, ಏರಿಗೆ ಮೂತಿ ಇಟ್ಟು ನಿಂತ ಮಾಲೆಯ ಗಾಡಿಯನ್ನು ಸರದಿಯಂತೆ ನೋಡಿದರು. "ಕಲತವರ ಹಣೇಬಾರ ಇಷ್ಟ" ಎಂದರು. "ಇಬ್ಬರೂ ಕೂಡೇ ರಿಪೇರಿ ಮಾಡ್ರಿ. ಗೇಟಿನಾಗ ನಿಂತ ಮಂದಿಗೆ ನಾ ಏನರೆ ಹೇಳತೇನಿ."

ಎಣ್ಣೆ ಕುಡಿದ ಪ್ಯಾಡನ್ನು ಎಷ್ಟು ತೊಳೆದರೂ ನಂಬುವಂತಿಲ್ಲ. ಬಿಚ್ಚಿ ಎಸೆದು, ಇದ್ದ ಒಂದು ಜೊತೆ ಹೊಸದನ್ನು ಹಾಕಿದೆವು. ಗಾಡಿಯನ್ನು ಹಿಂದಕ್ಕೆ ತಂದು, ಥಿನ್ನರಿನಲ್ಲಿ ನೆನೆಸಿದ ಅರಿವೆಯಿಂದ ಎರಡೂ ಪಟ್ಟಿಗಳನ್ನು ಒರೆಸಿದೆವು, ಅರಿವೆ ಬಿಳಿಯಾಗಿಯೇ ಹಿಂದಿರುಗುವವರೆಗೆ. ಆಮೇಲೆ ಹೊಸ ಪ್ಯಾಡು ಪಟ್ಟಿಗೆ ಹೊಂದಿಕೊಳ್ಳಲೆಂದು ಖಾಲಿ ಗಾಡಿಯನ್ನು ಸುತ್ತಿಸಿ ಸುತ್ತಿಸಿ ಕಚ್ಚಿಸಿದೆವು. ಮೊದಲು ಒಂದು ಮೊಳ ಮುಂದೆ ಹೋಗುತ್ತಿತ್ತು, ಆಮೇಲೆ ಗೇಣು, ಆಮೇಲೆ ನಾಲ್ಕು ಬೆರಳು. ಉಸುಕಿನ ಚೀಲ ಹೇರಿ ಮತ್ತೆ ಅದೇ. ಎರಡು ದಿನ ಹಿಡಿಯಿತು.

ಎಡ ಬಲ ಎಂಬ ಮಾತನ್ನು ಆ ಗಾಡಿಯ ಹತ್ತಿರ ಯಾರೂ ಆಡಬಾರದೆಂದು ಮಾಡಿದೆ. ಹಾಗಾದರೆ ಏನೆನ್ನುವುದು? ನಾನು ಅ, ಆ ಎಂದು ಬರೆಯಲು ಹೊರಟಾಗ ಆಪರೇಟರ್ ನಕ್ಕಳು. "ಕಾಕಾ ಮೊದಲಿಂದ ಅಂತಾನಲ್ರಿ. ಒಂದು ತಡಿ ಅಂತೈತಿ, ಇನ್ನೊಂದು ಹಿಡಿ ಅಂತೈತಿ." ಅವನು ಹಾಗೆನ್ನುತ್ತಿದ್ದುದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ತಡಿ, ಅಂದರೆ ಸ್ವಲ್ಪ ನಿಧಾನ. ಹಿಡಿ, ಅಂದರೆ ಇನ್ನು ಬಿಡಬೇಡ. ಎರಡು ಬ್ರೇಕುಗಳ ಕೆಲಸವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಗಾಡಿಯ ಪ್ರತಿ ಬೋಗಿಯ ಪಕ್ಕಕ್ಕೆ, ಆಯಾ ಪಟ್ಟಿಯ ನೇರಕ್ಕೆ, ಹಳದಿಯಲ್ಲಿ ತಡಿ ಎಂದೂ ಕೆಂಪಿನಲ್ಲಿ ಹಿಡಿ ಎಂದೂ ಅವಳೇ ಬರೆದಳು. ಹಿಡಿಯ ಕೆಳಗೆ ಎಣ್ಣೆಯ ಡಬ್ಬಿ ಬಿಡಿಸಿ ಅಡ್ಡ ಗೆರೆ ಹೊಡೆದಳು.

ಗಾಡಿ ಮತ್ತೆ ಜನರಿಗೆ ತೆರೆದ ದಿನ ಮಧ್ಯಾಹ್ನ ನಿಲ್ದಾಣದ ನೆರಳಿನಲ್ಲಿ ನಾನೂ ಮಿಸ್ತ್ರಿಯೂ ಗಿರ್ಮಿಟ್ ತಿನ್ನುತ್ತ ಕೂತಿದ್ದೆವು. ಅವನು ಜೇಬಿನಿಂದ ಬಾಡಿದ ಬನ್ನಿ ಎಲೆ ತೆಗೆದು ನನ್ನ ಕೈಗೆ ಕೊಟ್ಟ. "ಗದ್ದಲದಾಗ ಕೊಡೂದು ಬಿಟ್ಟಿತ್ರಿ. ಬಂಗಾರದಂಗ ಇರೂಣ್ರಿ." ವಯಸ್ಸಿನಲ್ಲಿ ಹಿರಿಯನೆಂದು ಬಗ್ಗಿ ಕಾಲು ಮುಟ್ಟಿದೆ. ಅವನು ಮುಜುಗರದಿಂದ ಹಿಂದೆ ಸರಿದ.

"ಸಾಹೇಬ್ರ, ಒಂದ್ ಮಾತು ಹೇಳ್ಲಿ? ಸಿಟ್ಟಾಗಬಾರದು."

"ಹೇಳು ಕಾಕಾ."

"ನೀವು ಅವತ್ತ ಎಡಾ ಬಲಾ ಏನೂ ಅಂದಿದ್ದಿಲ್ರಿ. ಎಣ್ಣಿ ಹಚ್ಚಿದ್ರೂ ಬಿಡೂದಿಲ್ಲ ಅಂದ್ರಿ, ಅಷ್ಟ. ಖಂಡೇಪೂಜಿ ದಿನ ಎಲ್ಲಾ ಸಾಮಾನಕ್ಕೂ ಹಚ್ಚಿ ಹಿಡಿ ಪಟ್ಟಿ ಒಂದಕ್ಕ ಬಿಟ್ರ, ಪಂಕ್ತ್ಯಾಗ ಒಬ್ಬರಿಗೆ ಬಡಸದಂಗ ಆಗತೈತಿ ಅಂತ ನಾನ ಎರಡಕ್ಕೂ ಹಚ್ಚಿದೆ."

ಚಮಚ ಕೆಳಗಿಟ್ಟೆ. "ಮತ್ತೆ ಮಾಲೀಕರ ಮುಂದೆ ಎಡಗಡೆ ಅಂತ ಯಾಕೆ ಅಂದೆ?"

"ಹೆದರಿಕ್ಯಾಗ ಬಾಯಿಗೆ ಬಂತ್ರಿ. ನೀವು ಅಲ್ಲ ಅಂದ್ರಿ, ಸರಿ ಅನಿಸ್ತು. ಆಮ್ಯಾಲೆ ನೀವ ಹೌದು ಅಂದ್ರಿ. ಕಲತವರು ಹೌದು ಅಂದ ಮ್ಯಾಲೆ ನಾ ಏನ್ ಮಾಡ್ಲಿ?"

ಅಲ್ಯುಮಿನಿಯಂ ಪಟ್ಟಿಗೂ ಎಣ್ಣೆ ಇತ್ತೇ? ಇದ್ದರೆ ಅವನು ಈಗ ಹೇಳುತ್ತಿರುವುದು ನಿಜ. ಇಲ್ಲದಿದ್ದರೆ, ಎರಡು ದಿನದಿಂದ ಸಪ್ಪಗಿದ್ದ ನನ್ನ ಮನಸ್ಸು ಹಗುರ ಮಾಡಲು ಕತೆ ಕಟ್ಟುತ್ತಿದ್ದಾನೆ. ಅವನು ಅದನ್ನು ಮಾಡುವವನೇ. ನೋಡಿದ್ದರೆ ಒಂದು ಬೆರಳಿನಲ್ಲಿ ತೀರ್ಮಾನವಾಗುತ್ತಿತ್ತು. ನಾನು ನೋಡಿರಲಿಲ್ಲ. ನೋಡದೆಯೇ ಥಿನ್ನರಿನಿಂದ ಎರಡನ್ನೂ ಒರೆಸಿಬಿಟ್ಟಿದ್ದೆ.

"ನೀನು ಈಗ ಹೇಳುತ್ತಿರುವುದು ಖರೆಯೋ, ಅವತ್ತು ಹೇಳಿದ್ದು ಖರೆಯೋ?"

ಮಿಸ್ತ್ರಿ ಹಸಿಮೆಣಸಿನಕಾಯಿ ಕಡಿದು ಸಾವಕಾಶ ಯೋಚಿಸಿದ. ನನಗಾಗಿ ನಿಜವಾಗಿಯೂ ಯೋಚಿಸಿದನೆಂದೇ ನನ್ನ ಭಾವನೆ.

"ನನಗೂ ಈಗ ಗೊತ್ತಿಲ್ರಿ" ಎಂದ. "ಎರಡೂ ಸಲ ಹೇಳುಮುಂದ ಖರೇನ ಅನಿಸ್ತು."

"ವರದಿ ತಿದ್ದಬೇಕಲ್ಲ ಕಾಕಾ."

"ಏನ್ ಬರದೀರಿ ಅದರಾಗ?"

ಮಾಲೀಕರಿಗೆ ಬರೆದದ್ದನ್ನು ಹೇಳಿದೆ: ಎಣ್ಣೆಯ ಬಗ್ಗೆ ನಾನು ಕೊಟ್ಟ ಸೂಚನೆ ಸ್ಪಷ್ಟವಾಗಿರಲಿಲ್ಲ.

"ಅದು ಹೆಂಗಾದ್ರೂ ಖರೇನ ಐತಲ್ರಿ" ಎಂದ. "ಇರ್ಲಿ ಬಿಡ್ರಿ."

ಅಷ್ಟರಲ್ಲಿ ಗಾಡಿ ಕೊನೆಯ ತಿರುವು ದಾಟಿ ಬಂತು. ಕಿರುಚಾಟವೆಲ್ಲ ಅಯಸ್ಕಾಂತಗಳ ನಡುವೆ ಮೆಲ್ಲಗೆ ನಗೆಯಾಗಿ ಇಳಿಯಿತು. ದವಡೆ ಫುಸ್ ಎಂದಿತು. ಮಿಸ್ತ್ರಿ ಗಿರ್ಮಿಟ್ಟಿನ ಕಾಗದ ಕೆಳಗಿಟ್ಟು, ಬಗ್ಗಿ, ನಿಲ್ದಾಣದ ಬಿಳಿ ಗೆರೆಗೂ ಗಾಡಿಯ ಮೂತಿಗೂ ನಡುವೆ ಎಷ್ಟು ಅಂತರವಿದೆಯೆಂದು ನೋಡಿದ. ಎರಡು ಬೆರಳು ಎತ್ತಿ ನನಗೆ ತೋರಿಸಿದ. ನಾನೂ ಎದ್ದು ಹೋಗಿ, ಬಗ್ಗಿ, ನನ್ನ ಬೆರಳಿಟ್ಟು ಅಳೆದೆ. ಎರಡೇ.